ತಂದೆ ಅಥವಾ ಪೋಷಕರ ಹೆಸರು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಮಣಿಪಾಲದ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಸುತ್ತಲಿನ ಊರುಗಳ ಸುದ್ದಿ ನನ್ನ ಮೇಜಿಗೆ ಬರುತ್ತಿತ್ತು. ಕಾಪುವಿನ ಸುದ್ದಿ ಕಳಿಸುತ್ತಿದ್ದವರು ಅಲ್ಲಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದವರು. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ಅವರು ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ ಲಕೋಟೆ ಉಡುಪಿಯಲ್ಲಿ ಬಸ್ಸು ಬದಲಿಸಿ, ಗುಡ್ಡ ಹತ್ತಿ, ನಾಲ್ಕು ಗಂಟೆಯೊಳಗೆ ನಮ್ಮಲ್ಲಿಗೆ ತಲುಪುತ್ತಿತ್ತು. ಅವರ ಬರಹವನ್ನು ನಾನು ತಿದ್ದಿದ್ದು ಕಡಿಮೆ. ಉದ್ಯಾವರದ ಸೇತುವೆಯ ಬಳಿ ಲಾರಿ ಮಗುಚಿದರೆ ಸೇತುವೆಯ ಯಾವ ಬದಿಗೆ ಎಂಬುದು ಅದರಲ್ಲಿ ಇರುತ್ತಿತ್ತು. ಯಾರಾದರೂ ತೀರಿಕೊಂಡರೆ ವಯಸ್ಸನ್ನು ಮನೆಯವರಲ್ಲಿ ಕೇಳುತ್ತಿದ್ದರು, ಆಮೇಲೆ ಶಾಲೆಯ ದಾಖಲೆಯಲ್ಲೂ ನೋಡುತ್ತಿದ್ದರು. ಎರಡೂ ಬೇರೆಯಾದರೆ ಎರಡನ್ನೂ ಬರೆದು, ಯಾವುದು ಹಾಕಬೇಕೆಂಬುದನ್ನು ನಮಗೆ ಬಿಡುತ್ತಿದ್ದರು.

ಒಂದು ಏಪ್ರಿಲಿನಲ್ಲಿ ಎರಡು ದಿನ ಲಕೋಟೆ ಬರಲಿಲ್ಲ. ಮೂರನೆಯ ದಿನ ಅವರೇ ಬಂದರು. ಕೈಯಲ್ಲಿ ಒಂದು ಪೋಸ್ಟ್ ಕಾರ್ಡು ಇತ್ತು. ಬೊಂಬಾಯಿಯ ಹೋಟೆಲೊಂದರ ಸಪ್ಲಾಯರ್ ಬರೆದದ್ದು. ಮಾಸ್ಟ್ರ ಅಳಿಯ, ಅಂದರೆ ತಂಗಿಯ ಮಗ, ಅದೇ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ. ಅಟ್ಟದಲ್ಲಿ ಯಾರೋ ಗಿರಾಕಿ ಇಟ್ಟುಹೋದ ಗೋಣಿಯಲ್ಲಿ ಕದ್ದ ಕೈಗಡಿಯಾರಗಳು ಸಿಕ್ಕಿದವು. ಹೋಟೆಲಿನ ಧಣಿ ಆಗ ಬೊಂಬಾಯಿ ಬಿಟ್ಟು ಊರಿಗೆ ಬಂದಿದ್ದರು. ಪೊಲೀಸರು ಗಲ್ಲೆಯಲ್ಲಿದ್ದವನನ್ನು ಕರೆದುಕೊಂಡು ಹೋದರು. ಈಗ ಜೈಲಿನಲ್ಲಿದ್ದಾನೆ, ಯಾರಾದರೂ ಬನ್ನಿ. ಇಷ್ಟೇ ಇತ್ತು. ಬಂಧನವಾಗಿ ಆಗಲೇ ಒಂದು ತಿಂಗಳು ಕಳೆದಿತ್ತು. ಯಾವ ಜೈಲು ಎಂದು ಬರೆದಿರಲಿಲ್ಲ.

"ನೀವು ಬೊಂಬಾಯಿಯಲ್ಲಿ ಒಂದು ವರ್ಷ ಇದ್ದವರಲ್ವಾ?" ಎಂದರು ಮಾಸ್ಟ್ರು. "ನನಗೆ ಹಿಂದಿ ಓದಲಿಕ್ಕೆ ಬರುತ್ತದೆ. ಜಗಳ ಮಾಡಲಿಕ್ಕೆ ಬರುವುದಿಲ್ಲ."

ನಾನು ಒಂದು ವಾರ ರಜೆ ಕೇಳಿದೆ. ಬನ್ನಂಜೆಯ ಒಬ್ಬ ವಕೀಲರಿಂದ ಬೊಂಬಾಯಿಯಲ್ಲಿರುವ ಊರಿನವರೇ ಆದ ಒಬ್ಬ ಕಿರಿಯ ವಕೀಲರ ವಿಳಾಸ ಸಿಕ್ಕಿತು. ಆಗ ನಮ್ಮ ಕರಾವಳಿಗೆ ರೈಲು ಇರಲಿಲ್ಲ. ಉಡುಪಿಯಲ್ಲಿ ಬಸ್ಸು ಹತ್ತಿ ಮರುದಿನ ಇಳಿದೆವು.

ಮಾಸ್ಟ್ರ ತಂಗಿ ತೀರಿಕೊಂಡು ಆರೇಳು ವರ್ಷವಾಗಿತ್ತು. ಹುಡುಗನ ತಂದೆ ಕಾರ್ಕಳದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಅವರು ಮತ್ತೆ ಮದುವೆಯಾಗಿದ್ದರು. ಎರಡು ಮನೆಗಳ ನಡುವೆ ಜಗಳವಿರಲಿಲ್ಲ, ಹೋಗಿಬರುವುದೂ ಇರಲಿಲ್ಲ. ಅವರಿಗೆ ತಿಳಿಸಬೇಕಲ್ಲವೇ ಎಂದು ಬಸ್ಸಿನಲ್ಲಿ ಕೇಳಿದ್ದಕ್ಕೆ ಮಾಸ್ಟ್ರು, "ಸಿಕ್ಕಿದ ಮೇಲೆ ಹೇಳುವ. ಹುಡುಕುವಾಗಲೇ ಎಂತ ಹೇಳುವುದು?" ಎಂದರು.

ಪೊಲೀಸ್ ಠಾಣೆಯಲ್ಲಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಲಿಲ್ಲ. ಹುಡುಗನನ್ನು ಜೈಲಿಗೆ ಕಳಿಸಿ ಆಯಿತು, ಬರುವ ಮಂಗಳವಾರ ಇಂಥ ಕೋರ್ಟಿನಲ್ಲಿ ತಾರೀಖು, ಜೈಲು ಯಾವುದೆಂದು ನಮಗೆ ಗೊತ್ತಿಲ್ಲ, ಜಾಗ ಇದ್ದಲ್ಲಿ ಹಾಕುತ್ತಾರೆ ಎಂದರು.

ವಕೀಲರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಮಾತು ಚುರುಕು. ಅವರು ವಿಷಯವನ್ನು ಹೀಗೆ ಬಿಡಿಸಿ ಹೇಳಿದರು: ಮಂಗಳವಾರ ಹುಡುಗನ ಪರವಾಗಿ ಯಾರಾದರೂ ನಿಂತು ಜಾಮೀನು ಕೇಳಿದರೆ ಸಿಗುತ್ತದೆ. ಕೇಳದಿದ್ದರೆ ಬೇಸಿಗೆ ರಜೆ ಬರುತ್ತದೆ, ಮುಂದಿನ ಮಾತು ಜೂನಿನಲ್ಲಿ. ಪರವಾಗಿ ನಿಲ್ಲಬೇಕಾದರೆ ವಕಾಲತ್ತಿನ ಕಾಗದಕ್ಕೆ ಹುಡುಗನ ಸಹಿ ಬೇಕು. ಕೋರ್ಟಿನಲ್ಲೇ ಸಹಿ ಹಾಕಿಸುವ ಎಂದರೆ ಕೈದಿಗಳನ್ನು ತರುವ ವ್ಯಾನು ಎಷ್ಟೋ ಸಲ ಬರುವುದೇ ಇಲ್ಲ, ಬರೀ ಕಾಗದ ಬಂದು ತಾರೀಖು ಮುಂದೆ ಹೋಗುತ್ತದೆ. ವಕಾಲತ್ತು ಇಲ್ಲದ ವಕೀಲನನ್ನು ಜೈಲಿನೊಳಗೆ ಬಿಡುವುದಿಲ್ಲ. ಹತ್ತಿರದ ಬಂಧು ಒಳಗೆ ಹೋಗಿ ಸಹಿ ಹಾಕಿಸಿ ತರಬೇಕು.

"ಅಂದರೆ ಸೋಮವಾರದ ಒಳಗೆ," ಎಂದರು ಮಾಸ್ಟ್ರು.

"ಶನಿವಾರದ ಒಳಗೆ ಮಾಸ್ಟ್ರೇ. ಭಾನುವಾರ ಬಾಗಿಲು ತೆರೆಯುವುದಿಲ್ಲ. ಸೋಮವಾರ ಹೊಸಬರಿಗೆ ಚೀಟಿ ಕೊಡುವುದಿಲ್ಲ."

ಅದು ಮಂಗಳವಾರ ಸಂಜೆ.

ಬುಧವಾರ ನಗರದ ನಡುವಿನ ದೊಡ್ಡ ಜೈಲಿಗೆ ಹೋದೆವು. ಹೊರಗಿನ ಗೋಡೆಗೆ ತಾಗಿ ತಗಡಿನ ಚಪ್ಪರ, ಅದರ ಕೆಳಗೆ ಎರಡು ಸಾಲು. ಹೆಂಗಸರ ಸಾಲು ಗಂಡಸರದ್ದಕ್ಕಿಂತ ಮೂರು ಪಟ್ಟು ಉದ್ದ. ಒಂದು ಕಿಟಕಿ. ಕಿಟಕಿಯೊಳಗೆ ಒಬ್ಬ ಗುಮಾಸ್ತ, ಅವನ ಮುಂದೆ ಮಡಚಿದ ಹಾಸಿಗೆಯಷ್ಟು ದಪ್ಪದ ರಿಜಿಸ್ಟರು.

"ಕೈದಿಯ ಹೆಸರು?"

ಹೇಳಿದೆವು.

"ಬಾಪ್ ಕಾ ನಾಮ್?"

ಮಾಸ್ಟ್ರು ಕಾರ್ಕಳದ ಭಾವನ ಹೆಸರು ಹೇಳಿದರು. ಗುಮಾಸ್ತ ಪುಟ ತಿರುವಿದ. ಆ ಹೆಸರಿನವರು ಒಂಬತ್ತು ಮಂದಿ ಇದ್ದಾರೆ, ಆ ತಂದೆಯ ಮಗ ಒಬ್ಬನೂ ಇಲ್ಲ ಎಂದ. ಆ ಊರಿನಲ್ಲಿ ಮನುಷ್ಯನ ಹೆಸರೆಂದರೆ ಅವನ ಹೆಸರು, ಅದರ ಹಿಂದೆ ತಂದೆಯದು. ಎರಡು ಸೇರಿದರೆ ಮಾತ್ರ ಒಬ್ಬ ಮನುಷ್ಯ. ಒಂಬತ್ತು ಮಂದಿಯನ್ನೂ ನೋಡಬಹುದೇ ಎಂದು ಕೇಳಿದೆ. ಅವನು ನಮ್ಮ ಹಿಂದೆ ನಿಂತವರನ್ನು ಕರೆದ.

ಗುರುವಾರ ಖಾರಿಯ, ಅಂದರೆ ಒಳನುಗ್ಗಿದ ಕಡಲ ನೀರಿನ, ಆಚೆಯ ಜೈಲು. ಲೋಕಲ್ ರೈಲು, ಆಮೇಲೆ ಬಸ್ಸು. ಅಲ್ಲಿ ಗುಮಾಸ್ತ ಮೆತ್ತಗಿನವನು, ಕುರ್ಚಿ ತೋರಿಸಿದ. ಉತ್ತರ ಮಾತ್ರ ಅದೇ. ಸಾಲಿನಲ್ಲಿದ್ದ ಒಬ್ಬಳು ಮುದುಕಿ ನಮ್ಮ ಮಾತು ಕೇಳಿ, ಆ ಹೆಸರಿನವನು ಇಲ್ಲಿ ಇಲ್ಲದಿದ್ದರೆ ಘಟ್ಟದ ಮೇಲಿನ ಜೈಲಿಗೆ ಸಾಗಿಸಿರಬೇಕು, ನನ್ನ ಮಗನಿಗೆ ಹಾಗೇ ಮಾಡಿದರು ಎಂದಳು. ಅಲ್ಲಿಗೆ ಹೋಗಿಬರಲು ಎರಡು ದಿನ ಬೇಕು. ನಮ್ಮಲ್ಲಿ ಎರಡು ದಿನ ಇತ್ತು, ಮೂರನೆಯದು ಇರಲಿಲ್ಲ.

ಸಂಜೆ ಹೋಟೆಲಿಗೆ ಹೋದೆವು. ಕಾರ್ಡು ಬರೆದ ಸಪ್ಲಾಯರ್ ನಂದಿಕೂರಿನವನು, ಮೂವತ್ತು ದಾಟಿದವನು. ಹುಡುಗನ ಟ್ರಂಕನ್ನು ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದ. ಬೀಗ ಇರಲಿಲ್ಲ. ಎರಡು ಅಂಗಿ, ಒಂದು ಬೆಲ್ಟು, ತಾಯಿಯ ಫೋಟೋ, ಪ್ಲಾಸ್ಟಿಕ್ ಚೀಲದೊಳಗೆ ಶಾಲೆ ಬಿಟ್ಟ ಪ್ರಮಾಣಪತ್ರ.

"ಪೊಲೀಸರು ಇದನ್ನೇ ನೋಡಿ ಬರೆದುಕೊಂಡದ್ದು," ಎಂದ ಅವನು. "ಗುರುತಿಗೆ ಎಂತಾದರೂ ಕಾಗದ ಉಂಟಾ ಅಂತ ಕೇಳಿದರು. ಇವನಲ್ಲಿ ಬೇರೆ ಎಂತ ಉಂಟು?"

ನಾನು ಪ್ರಮಾಣಪತ್ರ ಓದಿದೆ. 'ತಂದೆ ಅಥವಾ ಪೋಷಕರ ಹೆಸರು' ಎಂದು ಅಚ್ಚಾಗಿದ್ದ ಗೆರೆಯ ಮೇಲೆ ಮಾಸ್ಟ್ರ ಹೆಸರು ಇತ್ತು. ಕೆಳಗೆ ಮುಖ್ಯೋಪಾಧ್ಯಾಯರ ಸಹಿ, ಅದೂ ಅವರದೇ. ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ತಮ್ಮ ಅಕ್ಷರವನ್ನು ತಾವೇ ಓದಿದರು.

"ನಾನೇ ಬರೆದದ್ದು," ಎಂದರು.

ಇದು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ. ಅಳಿಯಸಂತಾನದ ಮನೆಗಳಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಯ ಯಜಮಾನ ತಾಯಿಯ ಅಣ್ಣ. ಕಾನೂನು ಬದಲಾದ ಮೇಲೂ ಅಭ್ಯಾಸ ಹಾಗೇ ಉಳಿಯಿತು. ಮಕ್ಕಳನ್ನು ಶಾಲೆಗೆ ಸೇರಿಸುವವನು ಸೋದರಮಾವ, ಮದುವೆ ಮಾತಾಡುವವನೂ ಅವನೇ. ಕಾಪುವಿನ ಶಾಲೆಯ ದಾಖಲೆಯಲ್ಲಿ ಎಷ್ಟೋ ಮಕ್ಕಳ ಮುಂದೆ ಇದ್ದದ್ದು ಮಾವನ ಹೆಸರು. ನನ್ನ ಹೆಸರಿನ ಮುಂದೆಯೂ ನನ್ನ ಮಾವನದೇ ಇತ್ತು. ಊರಿನಲ್ಲಿ ಅದನ್ನು ಓದಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬೊಂಬಾಯಿಯ ಪೊಲೀಸನು ಆ ಕನ್ನಡದ ಗೆರೆಯನ್ನು ಯಾರಿಂದಲೋ ಅರ್ಧ ಓದಿಸಿ ಕೇಳಿಕೊಂಡು ತನ್ನ ಪುಸ್ತಕದಲ್ಲಿ 'ತಂದೆ' ಎಂದು ಬರೆದುಕೊಂಡಿದ್ದ. ಠಾಣೆಯಿಂದ ಅದು ಕೋರ್ಟಿಗೆ ಹೋಯಿತು, ಕೋರ್ಟಿನಿಂದ ಜೈಲಿಗೆ.

ಶುಕ್ರವಾರ ಬೆಳಿಗ್ಗೆ ಅದೇ ಮೊದಲ ಜೈಲು, ಅದೇ ಕಿಟಕಿ. ತಂದೆಯ ಹೆಸರಾಗಿ ನಾನು ಮಾಸ್ಟ್ರದನ್ನು ಹೇಳಿದೆ. ಎರಡು ನಿಮಿಷದಲ್ಲಿ ಸಿಕ್ಕಿತು. ಹುಡುಗ ಮೊದಲಿನಿಂದಲೂ ಅಲ್ಲೇ ಇದ್ದ. ಬುಧವಾರ ನಾವು ನಿಂತಿದ್ದ ಜಾಗದಿಂದ ಎರಡು ಗೋಡೆಗಳ ಆಚೆ. ಭೇಟಿಯ ಚೀಟಿಯನ್ನು ಗುಮಾಸ್ತ ಹೊರಗೆ ತಳ್ಳಿದ. ಭೇಟಿಗೆ ಬರುವವರು ಎಂದು ಹುಡುಗ ಒಂದೇ ಹೆಸರು ಬರೆಸಿದ್ದನಂತೆ, ಮಾಸ್ಟ್ರದು.

ಚೀಟಿಯಲ್ಲಿ ಎರಡು ಗೆರೆ ತುಂಬಬೇಕಿತ್ತು: ಬಂದವರ ಹೆಸರು, ಕೈದಿಗೆ ಏನಾಗಬೇಕು. ಮಾಸ್ಟ್ರು ಮೊದಲ ಗೆರೆಯಲ್ಲಿ ಹೆಸರು ಬರೆದರು. ಎರಡನೆಯದರಲ್ಲಿ 'ತಾಯಿಯ ಅಣ್ಣ' ಎಂದು ಇಂಗ್ಲಿಷಿನಲ್ಲಿ ಬರೆದರು. ಗುಮಾಸ್ತ ಚೀಟಿ ನೋಡಿದ, ರಿಜಿಸ್ಟರು ನೋಡಿದ, ಮಾಸ್ಟ್ರ ಮುಖ ನೋಡಿದ.

"ಈ ಹೆಸರಿನವನು ಅವನ ತಂದೆ," ಎಂದ ಹಿಂದಿಯಲ್ಲಿ. "ನೀನು ಈ ಹೆಸರು ಹೇಳುತ್ತೀ, ತಂದೆ ಅಲ್ಲ ಅನ್ನುತ್ತೀ. ಹಾಗಾದರೆ ನೀನು ಯಾರು?"

ನಾನು ವಿವರಿಸಲು ನೋಡಿದೆ. ನಮ್ಮ ಕಡೆಯ ಪದ್ಧತಿ, ಶಾಲೆಯ ಫಾರಂ, ಪೋಷಕ ಎಂಬ ಮಾತು. ಅವನು ಅರ್ಧದವರೆಗೆ ಕೇಳಿದ. ಕೇಳಿದಷ್ಟೂ ಅವನ ಸಂಶಯ ಹೆಚ್ಚಾಯಿತು. ಬೇರೆಯವರ ಹೆಸರಿನಲ್ಲಿ ಒಳಗೆ ಹೋಗಲು ನೋಡುವವರನ್ನು ಅವನು ದಿನವೂ ಕಂಡಿರಬೇಕು. ಚೀಟಿಯನ್ನು ಹರಿದು ಡಬ್ಬಿಗೆ ಹಾಕಿದ.

ಆ ಸಂಜೆ ವಕೀಲರ ಕೋಣೆಯಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಫಾದರ್ ಅಂತ ಬರೆದು ಒಳಗೆ ಹೋಗಿ ಮಾಸ್ಟ್ರೇ," ಎಂದರು ವಕೀಲರು. "ಆರು ಅಕ್ಷರ. ನಿಮಗೆ ಸ್ಪೆಲ್ಲಿಂಗು ಬರುತ್ತದೆ."

"ಅವನ ಅಮ್ಮ ನನ್ನ ತಂಗಿ."

"ಗೊತ್ತುಂಟು."

"ಗೊತ್ತಿದ್ದೂ ಹೇಳುತ್ತೀರಲ್ಲ. ನಾನು ಅವನ ಅಪ್ಪ ಅಂತ ಬರೆದರೆ ನನ್ನ ತಂಗಿಗೆ ನಾನು ಎಂತ ಆದೆ?"

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅವರೂ ಅದೇ ಕಡೆಯವರು. ಆಮೇಲೆ, "ಅಲ್ಲಿ ಯಾರಿಗೂ ನಿಮ್ಮ ತಂಗಿ ಗೊತ್ತಿಲ್ಲ ಮಾರಾಯ್ರೆ," ಎಂದರು.

"ನನಗೆ ಗೊತ್ತುಂಟಲ್ಲ."

"ಹಾಗಾದರೆ ಕಾರ್ಕಳದಿಂದ ನಿಜವಾದ ಅಪ್ಪನನ್ನು ಕರೆಸುವ. ಅವರು ಬಂದರೆ ಗುಮಾಸ್ತ ಎಂತ ಹೇಳುತ್ತಾನೆ ಗೊತ್ತುಂಟಾ? ನೀನು ಯಾರಯ್ಯಾ ಅಂತ. ಆ ಪುಸ್ತಕದಲ್ಲಿ ಅವರು ಇಲ್ಲವೇ ಇಲ್ಲ."

ಮಾಸ್ಟ್ರು ನನ್ನ ಕಡೆ ತಿರುಗಿ ಬಿಳಿಹಾಳೆ ಕೇಳಿದರು. ಜೈಲಿನ ಅಧಿಕಾರಿಗೆ ಒಂದು ಅರ್ಜಿ ಬರೆದರು. ರಿಜಿಸ್ಟರಿನಲ್ಲಿ ಆದ ತಪ್ಪು ಯಾವುದು, ಅದು ಹೇಗೆ ಆಯಿತು, ಮೂಲ ದಾಖಲೆ ಬರೆದವನು ತಾನೇ ಆದ್ದರಿಂದ ತಪ್ಪಿನ ಮೊದಲ ಪಾಲು ತನ್ನದು, ದಯವಿಟ್ಟು ತಿದ್ದಬೇಕು. ಒಂದೂವರೆ ಪುಟ, ಒಂದು ಚಿತ್ತೂ ಇಲ್ಲ. ಮುದ್ರಣಕ್ಕೆ ಹಾಗೇ ಕಳಿಸಬಹುದಾದ ಬರಹ.

ಶನಿವಾರ ಗುಮಾಸ್ತ ಅರ್ಜಿಯನ್ನು ಪೂರ್ತಿ ಓದಿದ. ಓದಿದ ಮೇಲೆ ಅವನ ದನಿ ಇಳಿಯಿತು. ಸಾಹೇಬರಿಗೆ ಕಳಿಸುತ್ತೇನೆ, ಅವರು ಕೋರ್ಟಿಗೆ ಬರೆಯುತ್ತಾರೆ, ಕೋರ್ಟು ಠಾಣೆಗೆ ಬರೆಯುತ್ತದೆ, ತಿಂಗಳೊಪ್ಪತ್ತು ಆಗಬಹುದು ಎಂದ. ಅರ್ಜಿಯ ಮೇಲೆ ಠಸ್ಸೆ ಒತ್ತಲು ಕೈ ಎತ್ತಿದ.

"ಅದನ್ನು ಹಿಂದೆ ಕೊಡಿ," ಎಂದರು ಮಾಸ್ಟ್ರು.

ನಾವು ಸಾಲಿನಿಂದ ಹೊರಗೆ ಬಂದೆವು. ಆಗ ಹತ್ತು ಗಂಟೆ. ಕಿಟಕಿ ಮುಚ್ಚುವುದು ಹನ್ನೊಂದಕ್ಕೆ. ಮಾಸ್ಟ್ರು ತಗಡಿನ ಚಪ್ಪರದ ಕಂಬಕ್ಕೆ ಒರಗಿ ನಿಂತರು. ಹೇಳಬೇಕಾದದ್ದನ್ನು ವಕೀಲರು ಹೇಳಿ ಆಗಿತ್ತು. ಹೆಂಗಸರ ಸಾಲಿನಲ್ಲಿ ಒಬ್ಬಳಿಗೆ ಅವಳ ಗಂಡನನ್ನು ನಿನ್ನೆ ಬೇರೆ ಜೈಲಿಗೆ ಸಾಗಿಸಿದ್ದಾಗಿ ಹೇಳುತ್ತಿದ್ದರು. ಅವಳು ಟಿಫಿನ್ ಡಬ್ಬಿಯನ್ನು ಕೆಳಗಿಟ್ಟು, ಯಾವ ಜೈಲು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ಇಪ್ಪತ್ತು ನಿಮಿಷದ ನಂತರ ಮಾಸ್ಟ್ರು ಮತ್ತೆ ಸಾಲಿಗೆ ಹೋಗಿ ನಿಂತರು. ಕಿಟಕಿಯ ಬಳಿ ಚೀಟಿ ತೆಗೆದುಕೊಂಡರು. ಹೆಸರು ಬರೆದರು. ಎರಡನೆಯ ಗೆರೆಯಲ್ಲಿ 'ಫಾದರ್' ಎಂದು ಬರೆದು ಪೂರ್ತಿ ಸಹಿ ಹಾಕಿದರು. ಅಕ್ಷರ ಎಂದಿನಂತೆಯೇ ಇತ್ತು. ಗುಮಾಸ್ತ ಅವರನ್ನು ಒಂದು ಸಲ ನೋಡಿ, ಏನೂ ಕೇಳದೆ, ಠಸ್ಸೆ ಒತ್ತಿದ. ಜೊತೆಗೆ ಒಬ್ಬರಿಗೆ ಅವಕಾಶವಿತ್ತು. ನನ್ನ ಚೀಟಿಯಲ್ಲಿ ನಾನು ಒಂದು ಕ್ಷಣವೂ ಯೋಚಿಸದೆ 'ಮಿತ್ರ' ಎಂದು ಬರೆದೆ. ಹುಡುಗನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಭೇಟಿಯ ಜಾಗವೆಂದರೆ ಉದ್ದದ ಓಣಿ. ಎರಡು ಸಾಲು ಕಬ್ಬಿಣದ ಜಾಲರಿ, ನಡುವೆ ಒಂದು ಮಾರು ಅಂತರ, ಅದರಲ್ಲಿ ಪೇದೆ ಓಡಾಡುತ್ತಿದ್ದ. ಈಚೆ ನಲವತ್ತು ಮಂದಿ, ಆಚೆ ನಲವತ್ತು ಮಂದಿ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಹತ್ತು ನಿಮಿಷ. ಇಪ್ಪತ್ತನಾಲ್ಕು ಇಪ್ಪತ್ತೈದರ ಒಬ್ಬ ಯುವಕ ಆಚೆಯ ಜಾಲರಿಗೆ ಮುಖ ಒತ್ತಿ, "ತಮ್ಮಲೇ," ಎಂದು ಕೂಗಿದ. ತುಳುವಿನಲ್ಲಿ ಸೋದರಮಾವನನ್ನು ಹಾಗೆ ಕರೆಯುತ್ತಾರೆ.

ಮಾಸ್ಟ್ರು ಕೈ ಎತ್ತಿದರು. "ಇಲ್ಲಿ ಹಾಗೆ ಕರೆಯಬೇಡ," ಎಂದರು ತುಳುವಿನಲ್ಲೇ.

ಪೇದೆಗೆ ತುಳು ಬರುವಂತಿರಲಿಲ್ಲ. ಹುಡುಗ ಅವನ ಕಡೆಗೊಮ್ಮೆ, ಮಾವನ ಕೈಯಲ್ಲಿದ್ದ ಚೀಟಿಯ ಕಡೆಗೊಮ್ಮೆ ನೋಡಿದ. ಅರ್ಥವಾಗಿರಬೇಕು. ಆಮೇಲೆ ಆ ಹತ್ತು ನಿಮಿಷದಲ್ಲಿ ಅವನು ಅವರನ್ನು ಏನೆಂದೂ ಕರೆಯಲಿಲ್ಲ.

"ಊಟ ಉಂಟಾ?"

"ಉಂಟು. ಚಪಾತಿ. ದಾಲು ಅಂತ ಒಂದು ಕೊಡುತ್ತಾರೆ, ನೀರಿನಲ್ಲಿ ಕೈ ತೊಳೆದ ಹಾಗೆ."

"ಹೊಡೆದರಾ?"

"ಠಾಣೆಯಲ್ಲಿ. ಇಲ್ಲಿ ಇಲ್ಲ."

"ಆ ಗೋಣಿ ನಿನ್ನದಾ?"

"ಅಲ್ಲ."

"ಒಳಗೆ ಎಂತ ಉಂಟು ಅಂತ ಗೊತ್ತಿತ್ತಾ?"

ಹುಡುಗ ಜಾಲರಿಯಿಂದ ಮುಖ ಹಿಂದಕ್ಕೆ ತೆಗೆದ. "ನಾನು ಕೇಳಲಿಲ್ಲ," ಎಂದ.

ಮಾಸ್ಟ್ರು ತಲೆಯಾಡಿಸಿದರು. ವಕಾಲತ್ತಿನ ಕಾಗದ ಪೇದೆಯ ಕೈಯಿಂದ ಆಚೆಗೆ ಹೋಗಿ, ಸಹಿಯಾಗಿ, ಜೈಲರನ ಠಸ್ಸೆ ಬಿದ್ದು, ಒಂದು ಗಂಟೆಯ ನಂತರ ಹೊರಗಿನ ಕಿಟಕಿಯಲ್ಲಿ ಕೈಗೆ ಬಂತು.

ಮಂಗಳವಾರ ವ್ಯಾನು ಬರಲಿಲ್ಲ, ವಕೀಲರು ಹೇಳಿದ್ದ ಹಾಗೆಯೇ. ಆದರೆ ಅವರು ಎದ್ದು ನಿಂತು ಜಾಮೀನು ಕೇಳಿದರು, ಮ್ಯಾಜಿಸ್ಟ್ರೇಟರು ಕೊಟ್ಟರು. ಸಪ್ಲಾಯರನ ಅಣ್ಣ ಜಾಮೀನು ನಿಂತ. ಒಂದು ಷರತ್ತು ಇತ್ತು: ಆರೋಪಿಯನ್ನು ಪ್ರತಿ ತಾರೀಖಿಗೂ ಹಾಜರುಪಡಿಸುತ್ತೇನೆ ಎಂದು ಅವನ ತಂದೆ ಮುಚ್ಚಳಿಕೆ ಬರೆದುಕೊಡಬೇಕು. ಮಾಸ್ಟ್ರು ಬರೆದುಕೊಟ್ಟರು. ಈ ಸಲ ವಕೀಲರು ಏನೂ ಹೇಳಬೇಕಾಗಲಿಲ್ಲ. ಗುರುವಾರ ಸಂಜೆ ಹುಡುಗ ಹೊರಗೆ ಬಂದ. ನನ್ನ ರಜೆ ನಾಲ್ಕು ದಿನ ಮೀರಿತ್ತು.

ಬೊಂಬಾಯಿ ಬಿಟ್ಟು ಹೋಗಬಾರದೆಂದು ಕೋರ್ಟು ಹೇಳಿದ್ದರಿಂದ ಹುಡುಗ ಅಲ್ಲೇ ಉಳಿದ. ನಾವಿಬ್ಬರೇ ಬಸ್ಸಿನಲ್ಲಿ ಮರಳಿದೆವು. ಬೆಳಗಾವಿ ದಾಟಿದ ಮೇಲೆ ಮಾಸ್ಟ್ರು ಕೇಳಿದರು:

"ಪೇಪರಿನಲ್ಲಿ ಒಂದು ತಪ್ಪು ಅಚ್ಚಾದರೆ ನೀವು ಎಂತ ಮಾಡುವುದು?"

"ತಿದ್ದುಪಡಿ ಹಾಕುತ್ತೇವೆ."

"ಯಾರು ಹೇಳಿದರೆ?"

"ಯಾರಿಗೆ ತೊಂದರೆ ಆಯಿತೋ ಅವರು."

ಮುಂದಿನ ಭಾನುವಾರ ಮಾಸ್ಟ್ರು ಕಾಪುವಿನಿಂದ ಬಂದು, ಉಡುಪಿಯ ಬಸ್ ನಿಲ್ದಾಣದಲ್ಲಿ ನನ್ನನ್ನು ಕೂಡಿಕೊಂಡು ಕಾರ್ಕಳಕ್ಕೆ ಹೊರಟರು. ಸಾಕ್ಷಿಗೆ ಒಬ್ಬರು ಬೇಕು ಎಂದರು. ನಗಲಿಲ್ಲ.

ಸೈಕಲ್ ಅಂಗಡಿ ಬಸ್ ನಿಲ್ದಾಣಕ್ಕೆ ಸಮೀಪವೇ ಇತ್ತು. ಹುಡುಗನ ತಂದೆ ಒಂದು ಚಕ್ರವನ್ನು ತಿರುಗಿಸಿ ಅದು ಓರೆಯಾಗಿದೆಯೇ ಎಂದು ನೋಡುತ್ತಿದ್ದರು. ಮಾಸ್ಟ್ರನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಒಳಗಿನಿಂದ ಬೆಲ್ಲ ನೀರು ತರಿಸಿದರು. ಮಾಸ್ಟ್ರು ನೀರು ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿದರು. ಸುದ್ದಿಯ ಹಾಗೆ, ಮೊದಲಿನಿಂದ ಕೊನೆಯವರೆಗೆ: ಕಾರ್ಡು, ಎರಡು ಜೈಲು, ಪ್ರಮಾಣಪತ್ರ, ಚೀಟಿ, ಮುಚ್ಚಳಿಕೆ. "ನಿಮ್ಮ ಜಾಗದಲ್ಲಿ ನಾನು ಎರಡು ಸಲ ಸಹಿ ಹಾಕಿದ್ದೇನೆ ಭಾವ," ಎಂದು ಮುಗಿಸಿದರು.

ತಂದೆ ಚಕ್ರವನ್ನು ಗೋಡೆಗೆ ಒರಗಿಸಿದರು.

"ಎಷ್ಟು ದಿನ ಒಳಗಿದ್ದ?"

"ಒಂದೂವರೆ ತಿಂಗಳು."

"ನನಗೆ ಹೇಳಬಹುದಿತ್ತು."

"ಹೇಳಬೇಕಿತ್ತು. ನಿಮ್ಮ ಹೆಸರು ಕೊಟ್ಟೇ ಹುಡುಕಿದೆವು, ಎರಡು ದಿನ."

"ನನ್ನ ಹೆಸರಿನಲ್ಲಿ ಅವನು ಸಿಗುವುದಿಲ್ಲ ಅಂತ ನಾನೇ ಹೇಳುತ್ತಿದ್ದೆ, ಕೇಳಿದ್ದರೆ." ಅದರಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಅವರು, "ಮುಂದಿನ ತಾರೀಖು ಯಾವಾಗ?" ಎಂದರು.

"ಜೂನಿನಲ್ಲಿ. ನೀವು ಬಂದರೆ ಕೋರ್ಟಿನಲ್ಲೇ ಹೇಳಿ ಹೆಸರು ಸರಿಮಾಡಿಸುವ. ಅದಕ್ಕೇ ನಾನು ಬಂದದ್ದು."

"ಈಗ ಸರಿಮಾಡಿಸಲಿಕ್ಕೆ ಹೋದರೆ ಜಾಮೀನು ಎಂತ ಆಗುತ್ತದೆ?"

ಮಾಸ್ಟ್ರು ನನ್ನ ಕಡೆ ನೋಡಿದರು. ಮುಚ್ಚಳಿಕೆ ಸುಳ್ಳೆಂದಾದರೆ ಜಾಮೀನು ಬೀಳಬಹುದು, ಹುಡುಗ ಮತ್ತೆ ಒಳಗೆ ಹೋಗಬಹುದು, ಮಾಸ್ಟ್ರ ಮೇಲೆಯೂ ಕೇಸು ಬರಬಹುದು ಎಂದು ವಕೀಲರು ಹೇಳಿದ್ದನ್ನು ನಾನು ಹೇಳಿದೆ.

"ಹಾಗಾದರೆ ಇರಲಿ ಮಾರಾಯ್ರೆ," ಎಂದರು ತಂದೆ. "ನೀವು ನೀರು ಕುಡಿಯಿರಿ."

ಮಾಸ್ಟ್ರು ಕುಡಿದರು.

ಜೂನಿನಲ್ಲಿ ನಾನು ಹೋಗಲಿಲ್ಲ. ಮಳೆಗಾಲದ ಸುದ್ದಿ ಹೆಚ್ಚಿದ್ದ ಕಾಲ ಅದು, ಮತ್ತೆ ರಜೆ ಸಿಗುವಂತಿರಲಿಲ್ಲ. ನಡೆದದ್ದನ್ನು ವಕೀಲರ ಪತ್ರದಿಂದ ತಿಳಿದೆ. ಹುಡುಗ ಹಾಜರಾಗಿದ್ದ. ಕಾಪುವಿನಿಂದ ಒಬ್ಬರು, ಕಾರ್ಕಳದಿಂದ ಒಬ್ಬರು ಬಂದು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂತಿದ್ದರು. ಮುಚ್ಚಳಿಕೆ ಕೊಟ್ಟ ತಂದೆ ಬಂದಿದ್ದಾರೆಯೇ ಎಂದು ಕೋರ್ಟಿನ ಗುಮಾಸ್ತ ಕೂಗಿದಾಗ ಮಾಸ್ಟ್ರು ಎದ್ದು ನಿಂತರು. ಅವರ ಒದ್ದೆ ಕೊಡೆ ಜಾರಿ ಬೀಳುವಂತಾಯಿತು. ಪಕ್ಕದಲ್ಲಿ ಕೂತಿದ್ದವರು ಅದನ್ನು ಹಿಡಿದುಕೊಂಡರು.